ಸೇಫ್ಟಿ ವಾಲ್ವಿನ ಮೇಲಿನ ಕುಂಕುಮ

ನಾನು ಅಂಜುಬುರುಕ. ಮಧುಗಿರಿಯ ಐಟಿಐನಲ್ಲಿ ಫಿಟ್ಟರ್ ಪಾಠ ಹೇಳುವವನು ಹೀಗಂದರೆ ನಗುತ್ತಾರೆ, ಆದರೆ ನಿಜ. ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಮನೆಗೆ ವಾಪಸು ಬಂದು, ಹಾಕಿದ ಬೀಗವನ್ನು ಮತ್ತೊಮ್ಮೆ ಎಳೆದು ನೋಡಿದ ದಿನಗಳಿವೆ. ಅಂಥವನು ಎರಡು ವರ್ಷ ಲೇತಿನ ಮುಂದೆ ನಿಂತು ಒಂದು ಮೊಳ ಉದ್ದದ ರೈಲು ಎಂಜಿನ್ ಮಾಡಿದೆ. ಆಟಿಕೆಯಂತೆ ಕಂಡರೂ ಅದು ಆಟಿಕೆಯಲ್ಲ. ಹೊಟ್ಟೆಯಲ್ಲಿ ತಾಮ್ರದ ಬಾಯ್ಲರ್, ಅದನ್ನು ಕಾಯಿಸಲು ಗ್ಯಾಸಿನ ಉರಿ, ಓಡಿಸುವುದು ನಿಜವಾದ ಉಗಿ. ಬಾಯ್ಲರ್ ಮಾತ್ರ ಒತ್ತಡದ ಪರೀಕ್ಷೆಯಾದದ್ದನ್ನೇ ಹೊರಗಿನಿಂದ ತರಿಸಿದ್ದೆ. ಅದನ್ನು ನಾನೇ ಬೆಸೆಯುವಷ್ಟು ಧೈರ್ಯ ನನಗೆಲ್ಲಿಂದ ಬರಬೇಕು!

ಪಾವಗಡದ ಕಡೆಯ ಹಳ್ಳಿಯಲ್ಲಿ ನನ್ನಕ್ಕ ಇದ್ದಾಳೆ. ಬಟ್ಟೆ ಹೊಲಿಯುತ್ತಾಳೆ. ದಪ್ಪ ಕನ್ನಡಕ, ಆದರೂ ಏನನ್ನೇ ನೋಡಬೇಕಾದರೂ ಮೂಗು ತಾಗುವಷ್ಟು ಬಗ್ಗಬೇಕು. ಆಯುಧಪೂಜೆಯಲ್ಲಿ ಅವಳ ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ನನ್ನ ಎಂಜಿನ್ನಿಗೂ ಪೂಜೆಯಾಗಬೇಕೆಂದು ಹಟ ಹಿಡಿದಳು. ಹಬ್ಬದ ಹಿಂದಿನ ದಿನ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ.

"ನಮ್ಮೂರ ಕಡೀಗೆ ರೈಲು ಬತ್ತದೆ ಬತ್ತದೆ ಅಂತ ಕಾದು ಸಾಕಾಗಿ ನೀನೇ ತಂದ್ಬುಟ್ಯೇನ್ಲಾ?" ಎಂದು ನಕ್ಕಳು.

ಸಂಜೆ ಒಂದೊಂದೇ ಭಾಗ ತೋರಿಸಿದೆ. ಬಾಯ್ಲರಿನ ಮೇಲಿದ್ದ ಪುಟ್ಟ ಹಿತ್ತಾಳೆಯ ತುಂಡನ್ನು ಮುಟ್ಟಿ, ಇದೇನು ಎಂದಳು.

"ಸೇಫ್ಟಿ ವಾಲ್ವ್. ಒಳಗೆ ಒತ್ತಡ ಹೆಚ್ಚಾದ್ರೆ ತಾನೇ ತೆರ್ಕೊಂಡು ಉಗಿ ಬಿಡ್ತದೆ. ಪ್ರಾಣ ಕಾಯೋದು ಇದೇ ಕಣಕ್ಕ."

ಅವಳು ಬಗ್ಗಿ ಬಹಳ ಹೊತ್ತು ನೋಡಿದಳು.

ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಪೂಜೆ ಮುಗಿದಿತ್ತು. ಎಂಜಿನ್ನಿನ ಮೈಯಲ್ಲಿ ಅಲ್ಲಲ್ಲಿ ಗಂಧದ ಬೊಟ್ಟು. ಸೇಫ್ಟಿ ವಾಲ್ವಿಗೆ ಮಾತ್ರ ಕಲಸಿದ ಅರಿಶಿನವನ್ನು ಧಾರಾಳವಾಗಿ ಮೆತ್ತಿ, ಅದರ ಮೇಲೆ ದೊಡ್ಡ ಕುಂಕುಮ.

ಉರಿ ಹಚ್ಚುವ ಮುಂಚೆ ನಾನು ತಪ್ಪದೆ ಮಾಡುವ ಕೆಲಸಗಳಿವೆ. ಬೋರ್‌ವೆಲ್ ನೀರು ಬಾಯ್ಲರಿನಲ್ಲಿ ಬಿಳಿ ಪದರ ಕಟ್ಟುತ್ತದೆಂದು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರನ್ನೇ ಹಾಕಿದೆ. ಆಮೇಲೆ ಎಣ್ಣೆ. ಕರ್ಪೂರ ಆರಿ, ದೀಪ ಒಳಗೆ ಹೋಗಿ, ನೋಡಲು ಬಂದಿದ್ದ ಪಕ್ಕದ ಮನೆಯವನು ಬೀಡಿ ಬಿಸಾಕುವ ತನಕ ಗ್ಯಾಸಿನ ಡಬ್ಬಿ ಮುಟ್ಟಲಿಲ್ಲ. ಇನ್ನು ಉಳಿದದ್ದು ಒಂದೇ, ಸೇಫ್ಟಿ ವಾಲ್ವನ್ನು ಇಕ್ಕಳದಿಂದ ಮೆಲ್ಲಗೆ ಎತ್ತಿ, ಸರಾಗವಾಗಿ ಆಡುತ್ತದೆಯೇ ಎಂದು ನೋಡುವುದು. ಇಕ್ಕಳ ಕೈಯಲ್ಲಿತ್ತು. ಕುಂಕುಮ ಕಣ್ಣೆದುರಿಗಿತ್ತು. ಪೂಜೆಯ ಕುಂಕುಮವನ್ನು ಹಬ್ಬದ ದಿನವೇ ಒರೆಸಿದರೆ ಕೆಡುಕು ಎಂದು ಅಮ್ಮ ಹೇಳುತ್ತಿದ್ದಳು. ಹೋದ ವಾರವಷ್ಟೇ ನೋಡಿದ್ದೇನಲ್ಲ ಎಂದುಕೊಂಡು ಇಕ್ಕಳ ಕೆಳಗಿಟ್ಟೆ.

ಅಂಗಳದಲ್ಲಿ ಮರದ ಸ್ಟ್ಯಾಂಡಿನ ಮೇಲೆ, ಚಕ್ರಗಳು ನೆಲಕ್ಕೆ ತಾಗದಂತೆ ಎಂಜಿನ್ ಇಟ್ಟು ಉರಿ ಹಚ್ಚಿದೆ. ಒತ್ತಡದ ಮುಳ್ಳು ಇಪ್ಪತ್ತಕ್ಕೆ ಬಂತು, ಮೂವತ್ತಕ್ಕೆ ಬಂತು. ನಲವತ್ತಕ್ಕೆ ವಾಲ್ವ್ ಬುಸ್ಸೆನ್ನಬೇಕು. ಎನ್ನಲಿಲ್ಲ. ನಲವತ್ತೈದು. ಮುಳ್ಳು ಕೆಂಪು ಗೆರೆ ದಾಟುವುದನ್ನು ನೋಡುತ್ತ ಒಂದು ಕ್ಷಣ ಸುಮ್ಮನೆ ನಿಂತುಬಿಟ್ಟೆ. ಅಷ್ಟರಲ್ಲಿ ಅಕ್ಕ, "ಇನ್ನಾ ಯಾಕಲಾ ತಿರುಗ್ತಿಲ್ಲ?" ಎನ್ನುತ್ತ ತನ್ನ ಅಭ್ಯಾಸದಂತೆ ಬಗ್ಗಿ, ಕನ್ನಡಕವನ್ನು ಬಾಯ್ಲರಿನ ಹತ್ತಿರಕ್ಕೇ ತಂದಳು.

"ಆಚೆ ಸರಿಯಕ್ಕ!" ಎಂದು ಕಿರುಚಿ, ಅವಳ ರಟ್ಟೆ ಹಿಡಿದು ತಳ್ಳಿದೆ. ಹೋಗಿ ಗೋಡೆಗೆ ತಾಗಿ ಕೂತಳು. ಎಂಜಿನ್ನಿನ ಹಿಂದಿನಿಂದ ಕೈ ಹಾಕಿ ಗ್ಯಾಸ್ ನಿಲ್ಲಿಸಿದೆ, ಉಗಿ ಬಿಡುವ ಹಿಡಿ ತಿರುಗಿಸಿದೆ. ಚಕ್ರಗಳು ಹುಚ್ಚು ಹಿಡಿದಂತೆ ತಿರುಗಿದವು, ಚಿಮಣಿಯಿಂದ ಉಗಿ ನುಗ್ಗಿತು. ಮುಳ್ಳು ಇಳಿಯತೊಡಗಿತು.

ಆರಿದ ಮೇಲೆ ವಾಲ್ವ್ ಬಿಚ್ಚಿದೆ. ಅರಿಶಿನ ಸಂದಿಗಿಳಿದು, ಬಿಸಿಗೆ ಗಾರೆಯಂತೆ ಗಟ್ಟಿಯಾಗಿತ್ತು.

ಅಕ್ಕ ರಟ್ಟೆ ಉಜ್ಜಿಕೊಳ್ಳುತ್ತ ಬಂದಳು. "ನೋಡ್ದಾ, ಕುಂಕುಮ ಇಟ್ಟಿದ್ಕೇ ಬಚಾವಾದ್ವಿ. ಪ್ರಾಣ ಕಾಯೋದು ಇದೇ ಅಂತ ನೀನೇ ಅಂದ್ಯಲ್ಲ, ಅದ್ಕೇ ಅಲ್ಲಿ ಜಾಸ್ತಿ ಇಟ್ಟೆ."

ಸುಮ್ಮನಿದ್ದುಬಿಡೋಣ ಅನ್ನಿಸಿತು. ಆದರೆ ಮುಂದಿನ ವರ್ಷವೂ ಅವಳು ಇಡುವವಳೇ, ಬಗ್ಗುವವಳೇ. ಬಿಚ್ಚಿದ ವಾಲ್ವನ್ನು ಅವಳ ಅಂಗೈ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಅವಳು ಉಗುರಿನಿಂದ ಆ ಹಳದಿಯನ್ನು ಕೆರೆದು ನೋಡಿದಳು.

"ನನಗೆ ತಿಳೀಲಿಲ್ಲ, ಇಟ್ಬುಟ್ಟೆ. ನಿನಗೆ ತಿಳಿದಿತ್ತಲ್ಲ. ಬೀಗಾನ ಎರಡ್ಸಲ ಎಳೆಯೋನು, ಇದನ್ಯಾಕೆ ಒರೆಸ್ಲಿಲ್ಲ?"

"ಪೂಜೆ ಕುಂಕುಮ ಅಲ್ವೇನಕ್ಕ, ಒರೆಸೋಕೆ ಭಯ ಆಯ್ತು."

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಕನ್ನಡಕವಿಲ್ಲದ ಆ ಕಣ್ಣುಗಳಿಂದ ನನ್ನ ಕಡೆ ನೋಡಿದಳು.

"ನನ್ನ ಕಣ್ಣು ಹೋಗೋದ್ಕಿಂತ್ಲೂವಾ?"