ಬೀಸಿದವನಿಗೆ ಎರಡು ಮುದ್ದೆ

ಗೆಳೆಯರೇ, ಇವತ್ತು ನಮ್ಮ ಮನೆಯಲ್ಲಿ ನಡೆದದ್ದು ನನಗಂತೂ ಅರ್ಥವಾಗುತ್ತಿಲ್ಲ. ಮೈ ಭಾರವಾಗಿದೆ, ಕಡಿಮೆ ಉಂಡು ಹೆಚ್ಚು ನಡೆಯಿರಿ ಎಂದು ದೇವನಹಳ್ಳಿಯ ಡಾಕ್ಟರು ಹೇಳಿದ್ದರಿಂದ ದಿನಾ ಬೆಳಿಗ್ಗೆ ಪಕ್ಕದೂರು ಆವತಿಯವರೆಗೆ ನಡೆದು ಬರುತ್ತಿದ್ದೇನೆ. ಬಂದ ಮೇಲೆ ಹಸಿವು ತಡೆಯಲಾಗುವುದಿಲ್ಲ. ಇವತ್ತು ಹೆಂಡತಿ ಚೆನ್ನಮ್ಮ ಬಾಗಿಲಲ್ಲೇ ತಡೆದಳು.

“ಏನೂಂದ್ರೆ, ನೀವು ಹಿಂಗೆ ನಡ್ಕೊಂಡು ಬಂದು ಎರಡೆರಡು ಮುದ್ದೆ ಉಂಡ್ರೆ ರೇಷನ್ ರಾಗಿ ತಿಂಗಳು ಪೂರ್ತಿ ಬರಲ್ಲ. ಸುಮ್ನೆ ಅಲೆಯೋ ಬದ್ಲು ರಾಗಿನಾದ್ರೂ ಬೀಸಿ.”

ಡಾಕ್ಟರಿಗೆ ಬೇಕಾದದ್ದು ಬೆವರು ತಾನೇ ಎಂದುಕೊಂಡು ಬೀಸುವ ಕಲ್ಲಿನ ಮುಂದೆ ಕುಳಿತೆ. ಮೊರದಲ್ಲಿದ್ದ ರಾಗಿ ಮುಗಿಯುವಷ್ಟರಲ್ಲಿ ರಟ್ಟೆ ಬಿದ್ದುಹೋಯಿತು. ಹಸಿವೋ, ನಡೆದು ಬಂದ ದಿನಕ್ಕಿಂತ ಜಾಸ್ತಿ! ಆ ಹಿಟ್ಟಿನಲ್ಲೇ ಅವಳು ಎರಡು ಮುದ್ದೆ ಕಟ್ಟಿ ಬಡಿಸಿದಳು. ಎರಡನ್ನೂ ಉಂಡು ತಲೆಯೆತ್ತಿ ನೋಡಿದರೆ ಪಾತ್ರೆ ಖಾಲಿ.

“ನಿಂಗೆ?” ಎಂದೆ.

“ನಾನು ಇವತ್ತು ಬೀಸ್ಲಿಲ್ವಲ್ಲ, ಹಸಿವಿಲ್ಲ” ಎಂದು ಮಜ್ಜಿಗೆ ಕುಡಿದು ಎದ್ದಳು.

ನಿಜವಾಗಿ ಹೇಳಿದಳೋ, ನನಗೆ ಚುಚ್ಚಿದಳೋ ಗೊತ್ತಾಗಲಿಲ್ಲ. ದಿನಾ ಬೀಸುವಾಗಲೂ ಅವಳು ಉಣ್ಣುತ್ತಿದ್ದದ್ದು ಒಂದೇ ಮುದ್ದೆ. ನಾಳೆ ಡಾಕ್ಟರನ್ನು ಕೇಳಬೇಕು. ಇಳಿಯಬೇಕಾದ ಮೈ ನನ್ನದು, ಇಳಿಯುತ್ತಿರುವುದು ಅವಳದು. ಇದು ಎಂಥ ಚಿಕಿತ್ಸೆ ಸ್ವಾಮಿ?