ಮೇಣದ ದಾರದ ಗಂಟುಗಳು

ಸೌಂಡ್ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ರೇಡಿಯೋ, ಮೈಕ್ ಸೆಟ್ಟು, ಆಂಪ್ಲಿಫೈಯರ್, ಹೀಗೆ ಸದ್ದು ಮಾಡುವ ಯಾವ ಡಬ್ಬ ತಂದುಕೊಟ್ಟರೂ ಬಿಚ್ಚಿ ಸರಿಮಾಡುವುದು ಅವರ ಕಸುಬು. ಆದರೆ ಡಬ್ಬದ ಮುಚ್ಚಳ ತೆಗೆದ ಮರುಕ್ಷಣವೇ ಹಿಂದೆ ರಿಪೇರಿ ಮಾಡಿದವನ ಜನ್ಮ ಜಾಲಾಡುತ್ತಿದ್ದರು. "ಇವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟ ಪುಣ್ಯಾತ್ಮ ಯಾರು?" ಎಂದು ಶುರುವಾದರೆ ತಪ್ಪುಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿ, ಗಿರಾಕಿಗೆ ಅರ್ಥವಾಗಲಿ ಬಿಡಲಿ, ವಿವರಿಸಿಯೇ ತೀರುತ್ತಿದ್ದರು. ಹಾಗಾಗಿ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತು. ಅವರಿಗೂ ಅದು ಇಷ್ಟವೇ ಆಗಿತ್ತು.

ಕೈ ಮಾತ್ರ ಅಚ್ಚುಕಟ್ಟು. ಪ್ರಾಯದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆರು ವರ್ಷ ದುಡಿದಿದ್ದರು. ತಂತಿಗಳನ್ನೆಲ್ಲ ಒಟ್ಟುಮಾಡಿ, ಮೇಣ ಹಚ್ಚಿದ ದಾರದಿಂದ ಅಂಗುಲಕ್ಕೊಂದು ಗಂಟು ಹಾಕಿ ಕಟ್ಟುವುದನ್ನು ಅಲ್ಲಿ ಕಲಿತರು. ಈಗ ಎಲ್ಲರೂ ಪ್ಲಾಸ್ಟಿಕ್ ಪಟ್ಟಿ ಬಿಗಿದು ಕೈತೊಳೆದುಕೊಳ್ಳುತ್ತಾರೆ. ಮೇಷ್ಟ್ರು ಅರವತ್ತೊಂದಾದರೂ ದಾರ ಬಿಟ್ಟಿರಲಿಲ್ಲ.

ಅವರ ಬಳಿ ಕೆಲಸ ಕಲಿತವನು ಒಬ್ಬನೇ, ಹೆಂಡತಿಯ ತಮ್ಮ. ಹದಿನಾಲ್ಕು ವರ್ಷ ಒಂದೇ ಮೇಜಿನ ಎದುರು ಬದುರು ಕೂತರು. ಭಾಮೈದ ಮಾತು ಕಡಿಮೆಯ ಮನುಷ್ಯ. ಗಿರಾಕಿಗಳ ಎದುರು ಭಾವ ಬೈದಾಗಲೆಲ್ಲ ತಲೆ ತಗ್ಗಿಸಿ ಬೆಸುಗೆ ಹಾಕುತ್ತಿದ್ದ. ಆರು ವರ್ಷದ ಹಿಂದೆ ಒಂದು ದಿನ ತನ್ನ ಮೀಟರು, ಇಕ್ಕಳಗಳನ್ನು ಚೀಲಕ್ಕೆ ಹಾಕಿಕೊಂಡು, "ಬರ್ತೀನಿ ಭಾವ" ಎಂದು ಹೊರಟವನು ಎರಡು ಬೀದಿಯಾಚೆ ಬೇರೆ ಅಂಗಡಿ ಇಟ್ಟ. ಜಗಳವೇನೂ ಆಗಲಿಲ್ಲ. ಆಗಿದ್ದರೆ ವಾಸಿಯಿತ್ತು ಎಂದು ಅಕ್ಕ ಆಗಾಗ ಅನ್ನುತ್ತಿದ್ದಳು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆಟದ ಮಷೀನುಗಳ ಅಂಗಡಿಯೊಂದಿತ್ತು. ಆಳೆತ್ತರದ ಮರದ ಡಬ್ಬ, ಮೇಲೆ ಗಾಜಿನ ಪರದೆ, ಕೆಳಗೆ ಗುಂಡಿಗಳು, ನಾಣ್ಯ ಹಾಕಿದರೆ ಪುಟ್ಟ ವಿಮಾನಗಳ ಯುದ್ಧ. ಅಂಥವು ಎಂಟು ಇದ್ದವು. ಅಪ್ಪ ತೀರಿಕೊಂಡ ಮೇಲೆ ಮಗಳು ಅದನ್ನು ನಡೆಸುತ್ತಿದ್ದಳು. ಚಿಕ್ಕಂದಿನಲ್ಲಿ ಅಲ್ಲಿ ಆಡಿದವರು ಈಗ ಹೊಟ್ಟೆ ಬಿಟ್ಟುಕೊಂಡು ಹೆಂಡತಿ ಮಕ್ಕಳೊಂದಿಗೆ ಬರುತ್ತಿದ್ದುದರಿಂದ ಅಂಗಡಿ ಮತ್ತೆ ಚಿಗುರಿತ್ತು. ಎಂಟೂ ಮಷೀನುಗಳ ದೇಖರೇಖಿಯನ್ನು ಒಂದನೇ ತಾರೀಕಿನಿಂದ ಭಾಮೈದನಿಗೆ ವಹಿಸುವುದೆಂದು ಮಾತಾಗಿತ್ತು. ಅಷ್ಟರಲ್ಲಿ ವಿಮಾನದ ಮಷೀನು ಮೂಕಾಯಿತು. ಭಾಮೈದ ಪರವೂರಿಗೆ ಹೋಗಿದ್ದ. ಯಜಮಾನಿ ಮೇಷ್ಟ್ರಿಗೆ ಹೇಳಿ ಕಳಿಸಿದಳು.

ಮೇಷ್ಟ್ರು ಪ್ಲಗ್ಗು ಕಿತ್ತು, ಹಿಂಬಾಗಿಲು ತೆಗೆದು ಟಾರ್ಚು ಬಿಟ್ಟರು. ಕೊಳೆತ ಮೀನಿನಂಥ ವಾಸನೆ ಮುಖಕ್ಕೆ ಹೊಡೆಯಿತು. ಆಂಪ್ಲಿಫೈಯರ್ ಹಲಗೆಯ ಮೇಲೆ ಕಿರುಬೆರಳಿನ ಗಾತ್ರದ ಒಂದು ಕೆಪಾಸಿಟರ್ ಹೊಟ್ಟೆಯುಬ್ಬಿ ಒಡೆದಿತ್ತು. ಒಳಗಿನ ರಸ ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕಿತ್ತು. ಅದರ ಬಿಸಿಗೋ ಏನೋ ಪಕ್ಕದ ಐಸಿ ಚಿಪ್ಪೂ ಸುಟ್ಟಿತ್ತು. ಮೇಷ್ಟ್ರಿಗೆ ಹುರುಪು ಬಂತು.

"ಬಾರಮ್ಮ ಇಲ್ಲಿ, ನೋಡು! ಇಪ್ಪತ್ತೈದು ವೋಲ್ಟಿಂದು ಇರಬೇಕಾದ ಕಡೆ ಹದಿನಾರರದ್ದು ತುರುಕಿದ್ದಾನೆ ಮಹಾನುಭಾವ. ಮೆಕ್ಯಾನಿಕ್ಕಾ ಇವನು? ಒಡೆದ ಬಕೆಟ್ಟಿಗೆ ತೇಪೆ ಹಾಕೋಕೂ ಲಾಯಕ್ಕಿಲ್ಲ. ಕೂಲಿ ಎಣಿಸಿಕೊಂಡು ಹೋಗುವಾಗ ಕೈ ನಡುಗಲಿಲ್ವಾ ಅಂತ."

ಆಡುತ್ತಿದ್ದವರು ಆಟ ಬಿಟ್ಟು ಸುತ್ತ ನೆರೆದರು. ಯಾರೋ ಕಿಸಕ್ಕನೆ ನಕ್ಕರು. ನಗು ಕೇಳಿದ ಮೇಲೆ ಮೇಷ್ಟ್ರನ್ನು ಹಿಡಿಯುವವರುಂಟೇ? ಇನ್ನೂ ನಾಲ್ಕು ಬಿಗಿದರು. ಆಮೇಲೆ ಹಲಗೆಯನ್ನು ಹೊರಗೆಳೆಯಲು ತಂತಿಗಳ ಕಟ್ಟಿಗೆ ಕೈ ಹಾಕಿದರು.

ಬೆರಳಿಗೆ ಗಂಟು ಸಿಕ್ಕಿತು. ಅಂಗುಲ ಬಿಟ್ಟು ಇನ್ನೊಂದು. ಮತ್ತೊಂದು. ಧೂಳು ಒರೆಸಿದರೆ ಹಳದಿಗಟ್ಟಿದ ಮೇಣದ ದಾರ.

ಮೇಷ್ಟ್ರಿಗೆ ಒಂಬತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ ಕಣ್ಣೆದುರು ಬಂತು. ಬಸ್ಸಿಗೆ ಹೊತ್ತಾಗಿತ್ತು. ಸರಿಯಾದ ಕೆಪಾಸಿಟರ್ ಚೀಲದಲ್ಲಿರಲಿಲ್ಲ. ಸದ್ಯಕ್ಕೆ ಇದಿರಲಿ, ನಾಳೆ ಬಂದು ಬದಲಾಯಿಸಿದರಾಯಿತು ಎಂದುಕೊಂಡಿದ್ದರು. ಆ ನಾಳೆ ಬರಲೇ ಇಲ್ಲ. ತಂತಿ ಕಟ್ಟುವುದಕ್ಕೆ ಮಾತ್ರ ಪುರಸೊತ್ತು ಸಿಕ್ಕಿತ್ತು.

ಯಜಮಾನಿ ಹಣೆ ಒತ್ತಿಕೊಂಡು ಯೋಚಿಸುತ್ತಿದ್ದಳು. "ಅಪ್ಪ ಇದ್ದಾಗ ಒಂದ್ಸಲ ರಿಪೇರಿ ಆಗಿತ್ತು ಮೇಷ್ಟ್ರೇ. ನಿಮ್ಮ ಅಂಗಡಿಯಿಂದಲೇ ಬಂದಿದ್ರು ಅಂತ ನೆನಪು. ನೀವಂತೂ ಹೀಗೆ ಮಾಡೋರಲ್ಲ. ಹಾಗಾದ್ರೆ ನಿಮ್ಮ ಭಾಮೈದನೇ ಇರಬೇಕು, ಅಲ್ವಾ?"

ಹತ್ತು ಹನ್ನೆರಡು ಮುಖಗಳು ಅವರನ್ನೇ ನೋಡುತ್ತಿದ್ದವು. "ಆಗ ಅವನಿನ್ನೂ ಕಲೀತಿದ್ದ ಬಿಡಮ್ಮ" ಎಂದರು ಮೇಷ್ಟ್ರು.

ಬಾಯಿಂದ ಬಿದ್ದ ಮಾತು ತಮ್ಮ ಕಿವಿಗೇ ಬೇರೆಯವರ ಮಾತಿನಂತೆ ಕೇಳಿಸಿತು. ಆ ಹೊತ್ತಿಗೆ ಭಾಮೈದ ಮೇಜಿಗೆ ಕೂತು ಹನ್ನೊಂದು ವರ್ಷವಾಗಿತ್ತು. ಕಲಿಯುವುದಿರಲಿ, ಕಲಿಸುವಷ್ಟು ಪಳಗಿದ್ದ.

ಮುಂದಿನ ಎರಡು ತಾಸು ಮೇಷ್ಟ್ರು ತಲೆ ಎತ್ತದೆ ಕೆಲಸ ಮಾಡಿದರು. ಸೋರಿದ ರಸವನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದರು. ತಿಂದುಹೋದ ಗೆರೆಗಳ ಮೇಲೆ ತೆಳು ತಂತಿ ಹಾಸಿ ಬೆಸೆದರು. ಹೊಸ ಐಸಿ ಕೂರಿಸಿ, ಇಪ್ಪತ್ತೈದು ವೋಲ್ಟಿನ ಕೆಪಾಸಿಟರನ್ನು ಎರಡೆರಡು ಸಲ ಓದಿ ನೋಡಿ ಹಾಕಿದರು. ಬೆಸುಗೆಯ ಹೊಗೆಗೆ ಕಣ್ಣುರಿಯುತ್ತಿದೆ ಎಂದು ನಟಿಸಿ ಜನರಿಗೆ ಬೆನ್ನು ಮಾಡಿ, ಆ ಹಳದಿ ದಾರವನ್ನು ಬ್ಲೇಡಿನಿಂದ ಕತ್ತರಿಸಿ ಜೇಬಿಗೆ ತುರುಕಿಕೊಂಡರು. ಮಾಡುವಾಗಲೇ ಕಳ್ಳತನದಂತೆ ಅನಿಸಿತು. ತಂತಿಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದರು.

ಪ್ಲಗ್ಗು ಹಾಕಿ ಗುಂಡಿ ಒತ್ತಿದಾಗ ವಿಮಾನ ಗುರ್ರೆಂದಿತು, ಗುಂಡು ಸಿಡಿಯಿತು. ಜನ ಚಪ್ಪಾಳೆ ತಟ್ಟಿದರು. "ಕೈಗುಣ ಅಂದ್ರೆ ಇದು" ಎಂದಳು ಯಜಮಾನಿ. ಮೇಷ್ಟ್ರು ಚೀಲ ಹೆಗಲಿಗೇರಿಸಿ, ಅವಳು ತರಿಸಿದ್ದ ಕಾಫಿಯನ್ನೂ ಮುಟ್ಟದೆ ಹೊರಬಿದ್ದರು.

ನಾಲ್ಕನೇ ದಿನ ಮಧ್ಯಾಹ್ನದ ಊಟಕ್ಕೆ ಬಡಿಸುತ್ತ ಹೆಂಡತಿ ಹೇಳಿದಳು, "ನಮ್ಮ ತಮ್ಮನಿಗೆ ಆ ಆಟದ ಅಂಗಡಿಯವಳು ಕೆಲಸ ಕೊಡಲ್ಲ ಅಂದ್ಲಂತೆ ರೀ. ಹಿಂದೆ ಏನೋ ಹಾಳುಮಾಡಿ ಹೋಗಿದ್ನಂತೆ ಇವನು. ಫೋನಿನಲ್ಲಿ ಬಾಯಿಗೆ ಬಂದಂಗೆ ಅಂದಿದ್ದಾಳೆ. ಇವನು ಹಾಳು ಮಾಡೋದುಂಟಾ?"

ಮೇಷ್ಟ್ರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. "ಅವನೇನಂದ?"

"ಅವನೇನಂತಾನೆ, ಸರಿ ಅಂದು ಫೋನ್ ಇಟ್ಟನಂತೆ. ಅವನ ಹೆಂಡತಿ ಅಳ್ತಾ ಹೇಳಿದ್ಲು."

ಮೇಷ್ಟ್ರು ಅರ್ಧ ಊಟದಲ್ಲೇ ಎದ್ದು ಕೈ ತೊಳೆದರು. ಅಂಗಡಿಗೆ ಹೋಗಿ ಒಂದು ರೇಡಿಯೋ ಬಿಚ್ಚಿ ಹಾಗೇ ಕೂತರು. ಮನೆಗೆ ಬಂದರೆ ಹೆಂಡತಿಯ ಮುಖ ನೋಡಲಾಗದೆ ಪೇಪರ್ ಅಡ್ಡ ಹಿಡಿದರು. ಕಪಾಟಿನ ಕನ್ನಡಿಯೆದುರು ಹಾಯುವಾಗಲೂ ಮುಖ ಆಚೆ ತಿರುಗಿಸಿದರು.

ಮಾರನೇ ದಿನ ಅಂಗಡಿ ಖಾಲಿಯಿರುವ ಹೊತ್ತು ನೋಡಿ ಹೋಗೋಣ ಎಂದುಕೊಂಡವರು, ಓಣಿಯ ತುದಿಯಲ್ಲಿ ನಿಂತು ಮನಸ್ಸು ಬದಲಾಯಿಸಿದರು. ಬೈದದ್ದು ಜನರೆದುರಿಗೆ. ಸಂಜೆ ಎಂಟೂ ಮಷೀನು ಗಲಗಲ ಅನ್ನುವಾಗಲೇ ಒಳಗೆ ಹೋದರು.

"ಆ ಹದಿನಾರು ವೋಲ್ಟಿಂದು ಹಾಕಿದ್ದು ನಾನಮ್ಮ" ಎಂದರು. ಗದ್ದಲದಲ್ಲಿ ಯಜಮಾನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. ಪಕ್ಕದ ಮಷೀನಿನ ಇಬ್ಬರು ತಿರುಗಿ ನೋಡಿದರು.

"ನೀವಾ? ಮತ್ತೆ ಅವತ್ತು ಯಾಕೆ ಹೇಳಲಿಲ್ಲ?"

"ಅಷ್ಟೊಂದು ಬೈದ ಮೇಲೆ ಹೇಳೋಕೆ ನಾಚಿಕೆ ಆಯ್ತು."

ಅವಳು ಬೈಯಲಿಲ್ಲ. "ನನ್ನ ಬಾಯಲ್ಲಿ ಅವರಿಗೆ ಏನೇನೆಲ್ಲ ಅನ್ನಿಸಿಬಿಟ್ರಿ ಮೇಷ್ಟ್ರೇ" ಎಂದು ಫೋನು ಎತ್ತಿಕೊಂಡು ಹೊರಗೆ ಹೋದಳು. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಅಲ್ಲಿಂದ ಮೇಷ್ಟ್ರು ನೇರ ಭಾಮೈದನ ಅಂಗಡಿಗೆ ನಡೆದರು. ಆರು ವರ್ಷದಲ್ಲಿ ಒಮ್ಮೆಯೂ ಮೆಟ್ಟಿಲು ಹತ್ತಿರಲಿಲ್ಲ. ಅವನು ಎದ್ದು ಸ್ಟೂಲಿನ ಮೇಲಿದ್ದ ಸ್ಪೀಕರು ತೆಗೆದು ಜಾಗ ಮಾಡಿದ. ಮೇಷ್ಟ್ರು ಕೂರಲಿಲ್ಲ.

"ತಪ್ಪು ನನ್ನದು ಕಣೋ. ನಿನ್ನ ತಲೆಗೆ ಕಟ್ಟಿದೆ."

"ಗೊತ್ತು ಭಾವ. ಅವತ್ತು ನಾನೂ ಜೊತೆಗಿದ್ದೆ."

"ಇದ್ದೆಯಾ?"

"ಇದು ತಡೆಯಲ್ಲ ಭಾವ, ಇವತ್ತು ಹಾಕೋದೇ ಬೇಡ, ನಾಳೆ ಸರಿಯಾದ್ದು ತಂದು ಹಾಕೋಣ ಅಂದೆ. ನನಗೇ ಪಾಠ ಹೇಳ್ತೀಯಾ ಅಂತ ಆ ಅಂಗಡಿಯವಳ ಅಪ್ಪನ ಎದುರಿಗೇ ಬೈದ್ರಿ."

ಮೇಷ್ಟ್ರಿಗೆ ಅದು ಎಳ್ಳಷ್ಟೂ ನೆನಪಿರಲಿಲ್ಲ. ಬೈದವರು ಮರೆತಿದ್ದರು. ಎದುರಿಗಿದ್ದವನು ಒಂಬತ್ತು ವರ್ಷ ಹೊತ್ತುಕೊಂಡಿದ್ದ.

"ಮತ್ತೆ ಅವಳಿಗೆ ಯಾಕೆ ಹೇಳಲಿಲ್ಲ ನೀನು?"

"ಹೇಳಿ, ಅಕ್ಕನ ಮನೆಗೆ ಯಾವ ಮುಖ ಹೊತ್ಕೊಂಡು ಬರಲಿ?" ಅವನು ಕೈಯಲ್ಲಿದ್ದ ತಂತಿಯ ತುದಿ ಹೆರೆಯತೊಡಗಿದ. "ಈಗ ಆಟದ ಅಂಗಡಿಯವಳು ಫೋನ್ ಮಾಡಿದ್ಲು. ಒಂದನೇ ತಾರೀಕಿಂದ ಬರ್ತೀನಿ ಅಂದೆ. ನಾನು ಊರಲ್ಲಿಲ್ಲದಾಗ ಏನಾದ್ರೂ ಕೆಟ್ರೆ ಹಾಗೇ ಇರಲಿ. ನೀವು ಹೋಗೋದು ಬೇಡ ಭಾವ."

ದನಿಯಲ್ಲಿ ಸಿಟ್ಟಿರಲಿಲ್ಲ. ಮೇಷ್ಟ್ರು ಆಗಲಿ ಎಂದು ತಲೆಯಾಡಿಸಿ ಮೆಟ್ಟಿಲಿಳಿದರು.

ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ ಜಗಲಿಯ ಮೇಲೆ ಕೂತು ಹೆಂಡತಿಗೆ ಎಲ್ಲ ಹೇಳಿದರು. ಅವಳು ಒಗೆದ ಬಟ್ಟೆ ಮಡಚುತ್ತ ಕೇಳಿದಳು. ಒಂದು ಅಂಗಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಆಮೇಲೆ ರಾಶಿಯನ್ನು ಎತ್ತಿಕೊಂಡು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಬಾಗಿಲಿಗೆ ಬಂದು ನಿಂತಳು.

"ನನ್ನ ಹತ್ರ ಈಗ ಏನೂ ಕೇಳಬೇಡಿ. ನಿಮ್ಮಷ್ಟೇ ನಾಚಿಕೆ ನನಗೂ ಆಗಿದೆ" ಎಂದಳು. ಒಂದು ಗಳಿಗೆ ಬಿಟ್ಟು, "ಚಪ್ಪಲಿ ಬಿಟ್ಟು ಬನ್ನಿ, ಅನ್ನ ಆರಿಹೋಗುತ್ತೆ."