ಅತ್ತಿಗೆಯ ಕೆಮ್ಮು

ಮೊನ್ನೆ ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಟ್ಟರಂತೆ. ಮಗಳು ಮನೆಗೆ ಬಂದವಳೇ ಮುಖ ಸಿಂಡರಿಸಿ, "ಸೀಮೆಸುಣ್ಣ ತಿಂದಂಗಿತ್ತಮ್ಮ" ಅಂದಳು. ಆ ಮಾತ್ರೆ ಅಂದರೆ ನನಗೆ ನೆನಪಾಗುವುದು ತೂಬಗೆರೆಯಲ್ಲಿರುವ ನಮ್ಮಣ್ಣನ ಹೆಂಡತಿ, ಸುಶೀಲತ್ತಿಗೆ.

ಅತ್ತಿಗೆಗೆ ತೋಟದಲ್ಲಿ ಚಪ್ಪಲಿ ಮೆಟ್ಟುವ ಅಭ್ಯಾಸವಿರಲಿಲ್ಲ. ಹುರುಳಿಕಾಯಿ ಬಿಡಿಸಲು ಹೋದರೆ ಹಸಿಮಣ್ಣಿನಲ್ಲಿ ಬರಿಗಾಲು. ಒಂದು ಮಳೆಗಾಲ ಕಾಲ್ಬೆರಳ ಸಂದಿಯಲ್ಲಿ ತುರಿಕೆ ಬಂತು. ಕೆಸರಿನದು ಎಂದು ಎಲ್ಲರೂ ಸುಮ್ಮನಾದೆವು. ಆಮೇಲೆ ಒಣಕೆಮ್ಮು, ಉಬ್ಬಸ, ಸುಸ್ತು. ಎಕ್ಸ್‌ರೇಯಲ್ಲಿ ಏನೋ ಮಸುಕು ಕಂಡಿತು. ಕಫದ ಪರೀಕ್ಷೆಗೂ ಮೊದಲೇ ಅಮ್ಮ ಅದು ಟಿಬಿಯೇ ಎಂದು ತೀರ್ಮಾನಿಸಿದಳು. ಅತ್ತಿಗೆಗೆ ಬೇರೆ ತಟ್ಟೆ, ಬೇರೆ ಲೋಟ. ಆಗಷ್ಟೇ ನಡೆಯಲು ಕಲಿಯುತ್ತಿದ್ದ ಅವರ ಮಗುವನ್ನು ನಮ್ಮಮ್ಮ ಸೊಂಟದಿಂದ ಇಳಿಸುತ್ತಲೇ ಇರಲಿಲ್ಲ. ಅದು ತಾಯಿಯ ಕಡೆ ಕೈಚಾಚಿದರೆ ಅತ್ತಿಗೆ ತಾವೇ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಅಮ್ಮ ಕೆಟ್ಟವಳಲ್ಲ, ಹೆದರಿದ್ದಳು. ಹೆದರಿದವರ ಮನೆಯಲ್ಲಿ ನಿಯಮಗಳು ಎಷ್ಟು ಬೇಗ ಹುಟ್ಟಿಕೊಳ್ಳುತ್ತವೆ ಎಂಬುದನ್ನು ನೀವೂ ನೋಡಿರುತ್ತೀರಿ.

ಅತ್ತಿಗೆಯನ್ನು ನಾನೇ ದೊಡ್ಡಬಳ್ಳಾಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಕಫ, ರಕ್ತ, ಮಲ ಎಲ್ಲವನ್ನೂ ಪರೀಕ್ಷೆ ಮಾಡಿಸಿದರು. ಟಿಬಿ ಇರಲಿಲ್ಲ. ಹೊಟ್ಟೆಯಲ್ಲಿ ಕೊಕ್ಕೆಹುಳ ಇತ್ತು, ರಕ್ತದಲ್ಲಿ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣ ವಿಪರೀತ ಏರಿತ್ತು. ಪಿಯುಸಿಯಲ್ಲಿ ಆ ಹೆಸರನ್ನು ನಾನು ಉರು ಹೊಡೆದಿದ್ದೆ. ಪರೀಕ್ಷೆ ಮುಗಿದ ದಿನವೇ ಮರೆತೂ ಇದ್ದೆ.

"ಹುಳದ ಮರಿ ಕಾಲಿನ ಚರ್ಮ ತೂರಿ ಒಳಗೆ ಬರುತ್ತಮ್ಮ," ಎಂದರು ಡಾಕ್ಟರಮ್ಮ. "ರಕ್ತದ ಜೊತೆ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ ಹತ್ತಿ ಹೊಟ್ಟೆಗೆ. ರಕ್ತದಲ್ಲಿರೋ ಈ ಬಿಳಿ ಕಣಗಳಿಗೆ ಯಾರೂ ಹೇಳಿಕೊಡಬೇಕಿಲ್ಲ, ಹುಟ್ಟಿದಾಗಿನಿಂದ ನಮ್ಮನ್ನ ಕಾಯ್ತಾ ಇರ್ತವೆ. ಹುಳ ದೊಡ್ಡದು, ನುಂಗಕ್ಕಾಗಲ್ಲ. ಅದಕ್ಕೆ ಸುತ್ತ ಮುತ್ತಿಕೊಂಡು ತಮ್ಮೊಳಗಿರೋ ವಿಷ ಸುರೀತವೆ. ಅದು ಹುಳಕ್ಕೂ ತಾಗುತ್ತೆ, ನಿಮ್ಮ ಶ್ವಾಸಕೋಶಕ್ಕೂ ತಾಗುತ್ತೆ. ಕೆಮ್ಮು ಬಂದಿದ್ದು ಹಂಗೆ."

"ಅಂದ್ರೆ ಕಾಯೋವೇ ನೋಯಿಸ್ತಾ ಇದಾವೆ," ಎಂದರು ಅತ್ತಿಗೆ.

"ಹೂಂ. ಆದ್ರೂ ಹೊಟ್ಟೆ ಸೇರಿರೋ ಹುಳಾನ ಅವು ಪೂರ್ತಿ ಓಡ್ಸಕ್ಕಾಗಲ್ಲ. ಅದಕ್ಕೇ ಈ ಮಾತ್ರೆ."

ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಮಗು ಎತ್ಕೋಬಹುದಾ?"

"ಧಾರಾಳವಾಗಿ. ಇದು ಕೆಮ್ಮಿನಿಂದ ಅಂಟಲ್ಲ."

ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಅವರು ಕಿಟಕಿ ಕಡೆ ಮುಖ ಮಾಡಿ ಅಳುತ್ತಿದ್ದರು.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು ಮಗುವನ್ನು ಅತ್ತಿಗೆಯ ತೊಡೆಗೆ ಹಾಕಿದಳು. ತಪ್ಪಾಯಿತು ಎನ್ನುವುದು ಅವಳ ಬಾಯಿಗೆ ಬರುವ ಮಾತಲ್ಲ. ಊಟಕ್ಕೆ ಕೂತಾಗ ಅತ್ತಿಗೆಗೆಂದು ಬೇರೆ ಇಟ್ಟಿದ್ದ ತಟ್ಟೆಗೆ ತಾನೇ ಮುದ್ದೆ ಹಾಕಿಕೊಂಡಳು.

"ಅತ್ತೆ, ಅದು ನನ್ನ ತಟ್ಟೆ."

"ಗೊತ್ತು ಕಣೆ. ನೀನು ನಂದ್ರಲ್ಲಿ ತಿನ್ನು."

ಮಾತ್ರೆಯಿಂದ ಹುಳ ಹೋಯಿತು. ಹುಳ ಹೀರಿದ್ದ ರಕ್ತ ತುಂಬಲು ಕೊಟ್ಟ ಕಬ್ಬಿಣದ ಮಾತ್ರೆಗಳಿಂದ ಮುಖಕ್ಕೆ ಮೆಲ್ಲಗೆ ಕಳೆ ಬಂತು. ಆ ದಿನಗಳನ್ನು ಅತ್ತಿಗೆ ಯಾವತ್ತೂ ಎತ್ತಿ ಆಡಲಿಲ್ಲ. ಸಿಟ್ಟನ್ನು ಒಳಗೊಳಗೇ ಇಟ್ಟುಕೊಂಡಿದ್ದಾರೆ ಎಂದೇ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ.

ಈ ಭಾನುವಾರ ಊರಿಗೆ ಹೋದಾಗ ಅಮ್ಮ ಜಗುಲಿಯಲ್ಲಿ ಕೂತು ಕೆಮ್ಮುತ್ತಿದ್ದಳು. ಅತ್ತಿಗೆ ಪಕ್ಕದಲ್ಲೇ ಒತ್ತಿ ಕೂತಿದ್ದರು.

"ದೂರ ಕೂತ್ಕೊಳ್ಳೇ, ಯಾವ ಕೆಮ್ಮೋ ಏನೋ," ಎಂದಳು ಅಮ್ಮ.

"ನಾಳೆ ಡಾಕ್ಟ್ರು ಹೇಳ್ತಾರೆ ಬಿಡಿ. ದೂರ ಕೂತ್ರೆ ಬೆನ್ನು ನೀವೋದು ಹೆಂಗೆ?"

ನಾನು ಮೂಗಿನ ಹತ್ತಿರ ತಂದಿದ್ದ ಸೆರಗನ್ನು ಕೆಳಗೆ ಬಿಟ್ಟು, ಅಮ್ಮನ ಇನ್ನೊಂದು ಪಕ್ಕಕ್ಕೆ ಹೋಗಿ ಕೂತೆ.